ಮಳೆ ನಿಂತ ಮೇಲೆ ಗೆಳೆಯರು ಬಂದರೆ ಎಲ್ಲಿಗೆ? ಕಲಬುರಗಿಯಿಂದ ಕಡಲಾ, ಕೆರೆಯಾ, ಕೋಟೆಯಾ

ದಸರಾದಿಂದ ನವೆಂಬರ್ ಕೊನೆಯ ತನಕ ನಮ್ಮ ಕಡೆ ಮನೆಗೆ ಬರೋರು ಜಾಸ್ತಿ. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಕೆಲಸ ಮಾಡುವ ಹಳೆಯ ಗೆಳೆಯರಿಗೆ ರಜೆ ಸಿಗೋದೂ ಆಗಲೇ. ಗಾಂಧಿ ಜಯಂತಿ, ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವ ಅಂತ ಒಂದರ ಹಿಂದೆ ಒಂದು ರಜೆ ಬರುತ್ತವೆ. ಅದಕ್ಕೆ ಶನಿವಾರ-ರವಿವಾರ ಸೇರಿಸಿಕೊಂಡು ಬ್ಯಾಗ್ ಹಿಡಿದು ಬಂದುಬಿಡುತ್ತಾರೆ. ಬಂದವರು "ಎಲ್ಲಿಗಾದರೂ ಹೋಗೋಣ" ಅನ್ನುತ್ತಾರೆ, ಗುಂಪಿನಲ್ಲಿ ಒಬ್ಬರಾದರೂ "ಬೀಚ್‌ಗೆ" ಅಂತ ಸೇರಿಸುತ್ತಾರೆ. ಅಲ್ಲಿಂದ ವಾದ ಶುರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಿಂದ ಹೊರಗೆ ಎಷ್ಟು ರಾತ್ರಿ ಮಲಗೋಕೆ ಆಗುತ್ತದೆ ಅನ್ನೋದನ್ನು ಮೊದಲು ಲೆಕ್ಕ ಹಾಕಿ, ಜಾಗದ ಮಾತು ಆಮೇಲೆ. ಮೂರು ರಾತ್ರಿ ಇದ್ದರೆ ಕಡಲು. ಒಂದು ರಾತ್ರಿ ಇದ್ದರೆ ಬೀದರ್. ರಾತ್ರಿಯೇ ಇಲ್ಲ, ಬೆಳಗ್ಗೆ ಹೋಗಿ ಸಂಜೆ ಬರಬೇಕು ಅಂದರೆ ಚಿಂಚೋಳಿ, ಸುರಪುರ, ಸನ್ನತಿ ಈ ಮೂರರಲ್ಲಿ ಒಂದು. ಎರಡು ರಾತ್ರಿ ಇದೆ ಅನ್ನೋರೇ ತುಂಬಾ ಗೊಂದಲಕ್ಕೆ ಬೀಳೋದು. ಅವರಿಗೂ ನಾನು ಕಡಲು ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಮುಂದೆ ಬರುತ್ತದೆ.

ಈ ಹೊತ್ತಿನ ಹವಾಮಾನ ಯಾಕೆ ಮುಖ್ಯ ಅನ್ನೋದನ್ನು ಸ್ವಲ್ಪ ನೋಡೋಣ. ನಮ್ಮ ಭಾಗದಲ್ಲಿ ಮಳೆ ಜೋರಾಗೋದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಂಗಾರು ಹಿಂದಕ್ಕೆ ಸರಿಯುತ್ತದೆ. ಒಳ್ಳೆಯ ಮಳೆ ಆದ ವರ್ಷ ಆಗ ಕೆರೆ, ಡ್ಯಾಮು ತುಂಬಿರುತ್ತವೆ, ತೊಗರಿ ಎದೆಮಟ್ಟ ಬೆಳೆದು ಹಳದಿ ಹೂ ಬಿಡೋಕೆ ಶುರು ಮಾಡಿರುತ್ತದೆ, ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ, ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದಷ್ಟು ಹಸಿರು. ಮೇ ತಿಂಗಳಲ್ಲಿ ಬಂದು 42-43 ಡಿಗ್ರಿ ಬಿಸಿಲು ನೋಡಿ ಹೋದವರು ಇದೇ ಊರಾ ಅಂತ ಕೇಳುತ್ತಾರೆ. ಅಂಥವರಿಗೆ ನಮ್ಮ ನೆಲ ತೋರಿಸೋಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಜನವರಿಗೆ ತೊಗರಿ ಕೊಯ್ಲು ಮುಗಿಯುತ್ತದೆ, ಫೆಬ್ರುವರಿಗೆ ಬಿಸಿಲು ಏರುತ್ತದೆ. ಇಷ್ಟು ಒಳ್ಳೆಯ ವಾರಗಳನ್ನು ಕಾರಿನೊಳಗೆ ಕೂತು ಕಳೆಯಬೇಕಾ ಅನ್ನೋದೇ ನನ್ನ ಮುಖ್ಯ ತಕರಾರು.

ಕಡಲಿಗೆ ಹೋಗೋದಾದರೆ

ಕಲಬುರಗಿಯಿಂದ ಅಂಕೋಲಾ-ಗೋಕರ್ಣದ ಕಡೆಗೆ ಸುಮಾರು 500 ಕಿಲೋಮೀಟರ್. ಜೇವರ್ಗಿ, ಸಿಂದಗಿ, ವಿಜಯಪುರ, ಅಲ್ಲಿಂದ ಹೆದ್ದಾರಿ 52 ಹಿಡಿದು ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್ ಇಳಿದರೆ ಅಂಕೋಲಾ. ಊಟ-ಚಹಾ ಸೇರಿ ಹತ್ತು ತಾಸಿಗೆ ಕಡಿಮೆ ಇಲ್ಲ. ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಎರಡು ರಾತ್ರಿಯ ಪ್ರವಾಸದಲ್ಲಿ ಸಮುದ್ರದ ಮುಂದೆ ನಿಮಗೆ ಸಿಗೋದು ನಡುವಿನ ಒಂದೇ ದಿನ. ಅದರಲ್ಲೂ ಡ್ರೈವ್ ಮಾಡಿದವರು ಅರ್ಧ ದಿನ ಮಲಗಿರುತ್ತಾರೆ. ಮೂರು ರಾತ್ರಿ ಇದ್ದರೆ ಎರಡು ಪೂರ್ತಿ ದಿನ ಸಿಗುತ್ತವೆ, ಆಗ ಆ ದಾರಿಗೆ ಬೆಲೆ ಬರುತ್ತದೆ.

"ಶುಕ್ರವಾರ ರಾತ್ರಿ ಊಟ ಮಾಡಿ ಬಿಡೋಣ, ಬೆಳಗ್ಗೆ ಬೀಚ್" ಅನ್ನುವ ಪ್ಲ್ಯಾನ್ ಎಲ್ಲ ಗುಂಪಿನಲ್ಲೂ ಬರುತ್ತದೆ. ದಯವಿಟ್ಟು ಬೇಡ. ಈ ಹಂಗಾಮಿನಲ್ಲಿ ಕಬ್ಬು ಕಡಿಯೋದು ಶುರುವಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡುತ್ತವೆ. ಎಷ್ಟೋ ಟ್ರೇಲರ್‌ಗಳ ಹಿಂದೆ ದೀಪವೂ ಇರೋದಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರೋದಿಲ್ಲ, ಕೆಟ್ಟು ನಿಂತರೆ ಹಿಂದೆ ಒಂದು ಕಲ್ಲಿಟ್ಟು ಬಿಟ್ಟಿರುತ್ತಾರೆ. ಅದನ್ನು ದಾಟಿ ನಿದ್ದೆಗಣ್ಣಿನಲ್ಲಿ ಬೆಳಗಿನ ಜಾವ ಘಾಟ್ ಇಳಿಯೋದು ಇನ್ನೊಂದು ಅಪಾಯ. ಶುಕ್ರವಾರ ಮಧ್ಯಾಹ್ನ ಬಿಟ್ಟು ಹುಬ್ಬಳ್ಳಿಯಲ್ಲಿ ಮಲಗಿ, ಬೆಳಗ್ಗೆ ತಿಂಡಿ ತಿಂದು ಹೊರಡಿ. ಬೆಳಕಿನಲ್ಲಿ ಹೋದರೆ ಕೊಲ್ಹಾರದ ಹತ್ತಿರ ಕೃಷ್ಣೆಯ ಉದ್ದನೆಯ ಸೇತುವೆ, ಎರಡೂ ಕಡೆ ಆಲಮಟ್ಟಿಯ ಹಿನ್ನೀರು ಕಾಣುತ್ತದೆ. ಯಲ್ಲಾಪುರದ ಕಾಡೂ ಕಾಣುತ್ತದೆ. ನಮ್ಮ ಬಯಲು ಸೀಮೆಯವರಿಗೆ ಆ ಕಾಡಿನ ದಾರಿಯೇ ಅರ್ಧ ಪ್ರವಾಸ.

ರೈಲಿನಲ್ಲಿ ಹೋಗಬಹುದಾ ಅಂತ ಕೇಳುತ್ತಾರೆ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹಳಿಯೇ ಇಲ್ಲ, ಆ ಯೋಜನೆ ದಶಕಗಳಿಂದ ಕಾಗದದ ಮೇಲಿದೆ. ಹುಬ್ಬಳ್ಳಿ ತನಕ ರೈಲು, ಮುಂದೆ ಬಸ್ಸು ಅಂತ ಮಾಡಬಹುದು, ಆದರೆ ನಾಲ್ಕೈದು ಜನ ಇದ್ದರೆ ಕಾರೇ ಸರಿ.

ಇನ್ನು ಯಾವ ಕರಾವಳಿ? ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಕಲಬುರಗಿಯವರಿಗೆ ಅರಬ್ಬಿ ಸಮುದ್ರ ಎಷ್ಟು ದೂರವೋ ಬಂಗಾಳ ಕೊಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಹೈದರಾಬಾದ್ ದಾಟಿ ಬಾಪಟ್ಲ ಹತ್ತಿರದ ಸೂರ್ಯಲಂಕ ಬೀಚ್‌ಗೆ ಹೋಗುವವರಿದ್ದಾರೆ. ಹೈದರಾಬಾದ್ ಗೆಳೆಯರು ಅದನ್ನೇ ಸೂಚಿಸುತ್ತಾರೆ, ರಸ್ತೆಯೂ ಚೆನ್ನಾಗಿದೆ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಆ ಕಡೆ ಹಿಂಗಾರು ಮಳೆ, ಮೇಲೆ ಚಂಡಮಾರುತದ ಕಾಲ. 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ನೆಲಕ್ಕೆ ಬಂದದ್ದು ಬಾಪಟ್ಲ ಹತ್ತಿರವೇ. ಆ ದಂಡೆಗೆ ಜನವರಿ-ಫೆಬ್ರುವರಿ ಒಳ್ಳೆಯದು. ಈಗ ಹೋಗುವುದಾದರೆ ಪಶ್ಚಿಮದ ಕಡೆಗೇ ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹುಚ್ಚೆದ್ದಿರುವ ಅರಬ್ಬಿ ಸಮುದ್ರ ಅಕ್ಟೋಬರ್‌ನಲ್ಲಿ ತಣ್ಣಗಾಗುತ್ತದೆ, ದೋಣಿಗಳು ಇಳಿಯುತ್ತವೆ, ಮೀನು ಚೆನ್ನಾಗಿ ಸಿಗುತ್ತದೆ. ಹಾಗಂತ ಅಲ್ಲೂ ಪೂರ್ತಿ ನೆಚ್ಚಿಕೊಳ್ಳೋಕೆ ಆಗೋದಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಬಂದಾಗ ನಮ್ಮ ಕರಾವಳಿಯಲ್ಲೂ ಅಲೆ ಜೋರಾಗಿತ್ತು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಸೂಚನೆ ನೋಡಿ. ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಅಂತ ಹೇಳಿದ್ದಾರೆ ಅಂದರೆ ನೀವೂ ಇಳಿಯಬೇಡಿ.

ರತ್ನಾಗಿರಿ, ಗಣಪತಿಪುಳೆ ಕಡೆ ಹೋಗೋದು ಇನ್ನೊಂದು ದಾರಿ. ಸೊಲ್ಲಾಪುರ, ಕೊಲ್ಹಾಪುರ, ಅಂಬಾ ಘಾಟ್ ಮೂಲಕ. ದೂರ ಹೆಚ್ಚುಕಡಿಮೆ ಇಷ್ಟೇ. ಪುಣೆಯಿಂದ ಬರುವ ಗೆಳೆಯರು ಕೊಲ್ಹಾಪುರದಲ್ಲೇ ಸೇರಿಕೊಳ್ಳುವುದಾದರೆ ಅದು ಅನುಕೂಲ, ಇಲ್ಲದಿದ್ದರೆ ಉತ್ತರ ಕನ್ನಡವೇ ಸಾಕು.

ಉತ್ತರ ಕನ್ನಡದಲ್ಲಿ ಎಲ್ಲಿ ಇಳಿಯಬೇಕು ಅನ್ನೋದು ಯಾರ ಜೊತೆ ಹೋಗಿದ್ದೀರಿ ಅನ್ನೋದರ ಮೇಲೆ. ನಡೆಯೋಕೆ ಬೇಜಾರಿಲ್ಲದ ಗೆಳೆಯರಾದರೆ ಗೋಕರ್ಣ. ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ತನಕ ಗುಡ್ಡದ ಅಂಚಿನಲ್ಲೇ ಕಾಲುದಾರಿ ಇದೆ. ಮಳೆ ಈಗಷ್ಟೇ ನಿಂತಿರುವುದರಿಂದ ಗುಡ್ಡ ಹಸಿರಾಗಿರುತ್ತದೆ, ಕಲ್ಲು ಮಾತ್ರ ಜಾರುತ್ತದೆ, ಚಪ್ಪಲಿ ಬದಲು ಶೂ ಹಾಕಿ. ಕಡಲೂ ಬೇಕು, ಇತಿಹಾಸವೂ ಬೇಕು ಅನ್ನೋರು ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಸೇರಿಸಿಕೊಳ್ಳಿ, ಮಳೆ ಮುಗಿದ ಹೊತ್ತಿಗೆ ಆ ಕೆಂಪು ಕಲ್ಲಿನ ಗೋಡೆ ತುಂಬಾ ಹುಲ್ಲು, ಪಾಚಿ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಮುರ್ಡೇಶ್ವರ. ಗುಡಿ, 20 ಅಂತಸ್ತಿನ ಗೋಪುರ, ಬೀಚ್ ಎಲ್ಲ ಒಂದೇ ಕಡೆ. ಮಕ್ಕಳನ್ನು ನೀರಿಗೆ ಬಿಡಲೇಬೇಕು ಅಂತಿದ್ದರೆ ಹೊನ್ನಾವರದ ಕಾಸರಕೋಡು ನೋಡಿ. ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕ ದಂಡೆ ಅದು. ಪಕ್ಕದಲ್ಲೇ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಮೇಲೆ ನಡೆಯುವ ದಾರಿಯೂ ಇದೆ. ಕಾರವಾರ ನನಗೆ ಇಷ್ಟ. ಗದ್ದಲ ಕಡಿಮೆ, ಊರಿನ ನಡುವೆಯೇ ಟ್ಯಾಗೋರ್ ಬೀಚ್, ದಂಡೆಯ ಮೇಲೆ ಚಪಲ್ ಅನ್ನುವ ಯುದ್ಧನೌಕೆ ನಿಲ್ಲಿಸಿದ್ದಾರೆ, ಮಕ್ಕಳು ಒಳಗೆ ಹತ್ತಿ ನೋಡಬಹುದು.

ನಮ್ಮ ಕಡೆಯ ಹುಡುಗರು ಬಾವಿ, ಕಾಲುವೆಯಲ್ಲಿ ಈಜು ಕಲಿತವರು. ಗಟ್ಟಿಗರೇ. ಆದರೆ ಬಾವಿಯ ನೀರು ಎಳೆಯೋದಿಲ್ಲ, ಸಮುದ್ರದ ನೀರು ಎಳೆಯುತ್ತದೆ. ದಂಡೆಯಿಂದ ಒಳಗೆ ಎಳೆದುಕೊಂಡು ಹೋಗುವ ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ಎದುರಾಗಿ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ಬನ್ನಿ. ಅಲೆ ಒಡೆಯದೆ ನಡುವೆ ಒಂದು ಪಟ್ಟಿ ಸುಮ್ನೆ ಶಾಂತವಾಗಿ ಕಾಣುತ್ತಿದ್ದರೆ ಅಲ್ಲೇ ಸೆಳೆತ ಇರೋದು ಜಾಸ್ತಿ. ಜೀವರಕ್ಷಕರು ಇರುವ ಕಡೆ ಮಾತ್ರ ಇಳಿಯಿರಿ, ಅವರು ಸೀಟಿ ಊದಿದರೆ ಮೇಲೆ ಬನ್ನಿ, ವಾದ ಬೇಡ. ಕುಡಿದು ನೀರಿಗೆ ಇಳಿಯುವ ಗೆಳೆಯನನ್ನು ಕೈಹಿಡಿದು ನಿಲ್ಲಿಸಿ. ಪ್ರತಿ ವರ್ಷ ಒಳನಾಡಿನಿಂದ ಹೋದ ಹುಡುಗರ ಸುದ್ದಿ ಪೇಪರ್‌ನಲ್ಲಿ ಓದುತ್ತೇವೆ. ಕರುಳು ಕಿವುಚುತ್ತದೆ.

ಒಂದು ರಾತ್ರಿ ಇದ್ದರೆ ಬೀದರ್, ಎರಡು ರಾತ್ರಿ ಇದ್ದರೂ ಬೀದರ್

ಕಲಬುರಗಿಯಿಂದ ಹುಮನಾಬಾದ್ ಮೇಲೆ ಹೋದರೆ ಸುಮಾರು 110 ಕಿಲೋಮೀಟರ್. 2017ರ ಅಕ್ಟೋಬರ್‌ನಿಂದ ರೈಲು ಮಾರ್ಗವೂ ಇದೆ, ಆದರೆ ಹೋಗಿಬರುವ ವೇಳೆ ನಿಮ್ಮ ದಿನಕ್ಕೆ ಹೊಂದುತ್ತದಾ ನೋಡಿಕೊಳ್ಳಿ. ಹೊರಗಿನ ಗೆಳೆಯರಿಗೆ ಬೀದರ್ ಅಂದರೆ ನಕ್ಷೆಯ ತುದಿಯ ಊರು ಅಷ್ಟೇ. ಹೋಗಿ ಬಂದವರು ಮಾತ್ರ ಮತ್ತೆ ಕೇಳುತ್ತಾರೆ, ಇಷ್ಟು ದಿನ ಯಾಕೆ ತೋರಿಸಲಿಲ್ಲ ಅಂತ. ಎತ್ತರದ ಜಾಗ ಆದ್ದರಿಂದ ಕಲಬುರಗಿಗಿಂತ ತಂಪು, ನವೆಂಬರ್ ರಾತ್ರಿ ಸ್ವೆಟರ್ ಬೇಕಾಗುತ್ತದೆ.

ಇಲ್ಲಿ ನೀರಿನ ಕಥೆ ಕೋಟೆಯಷ್ಟೇ ದೊಡ್ಡದು. ಕಡಲು ಕೇಳಿದವರಿಗೂ ಇದು ಹಿಡಿಸುತ್ತದೆ ಅನ್ನೋದು ನನ್ನ ನಂಬಿಕೆ. ಬೀದರ್ ಇರೋದು ಜಂಬಿಟ್ಟಿಗೆಯ ಬಂಡೆಯ ಮೇಲೆ. ಆ ಕಲ್ಲು ಮಳೆ ನೀರನ್ನು ಒಳಗೆ ಇಳಿಸಿಕೊಳ್ಳುತ್ತದೆ, ಅಂಚಿನಲ್ಲಿ ಝರಿಯಾಗಿ ಹೊರಗೆ ಬಿಡುತ್ತದೆ. ಗುರುನಾನಕ್ ಝೀರಾ ಅಂಥದೇ ಝರಿ. ಝರಣಿ ನರಸಿಂಹ ಗುಡಿಯೂ ಹಾಗೆಯೇ: ಸುರಂಗದೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದೇವರ ಮುಂದೆ ನಿಲ್ಲಬೇಕು. ಬೆಂಗಳೂರಿನವರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬೋದಿಲ್ಲ. ಸಣ್ಣ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಉಸಿರಾಟದ ತೊಂದರೆ, ಹೃದಯದ ತೊಂದರೆ ಇದ್ದವರು ಹೊರಗೇ ಇರಲಿ, ಒಳಗೆ ಗಾಳಿ ಕಡಿಮೆ. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ.

ನೌಬಾದ್‌ನ ಕರೇಜ್ ಇನ್ನೊಂದು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ, ಇರಾನ್‌ನ ಪದ್ಧತಿಯಂತೆ, ನೆಲದ ಕೆಳಗೆ ಸುರಂಗ ಕೊರೆದು ನೀರು ಹರಿಸಿದ್ದಾರೆ. ಮೇಲಿನಿಂದ ಗಾಳಿ-ಬೆಳಕಿಗೆ, ಹೂಳು ತೆಗೆಯೋಕೆ ಸಾಲಾಗಿ 21 ಬಾಯಿಗಳು. ಪಂಪು, ಕರೆಂಟು ಏನೂ ಇಲ್ಲದೆ ಬರೀ ಇಳಿಜಾರಿನ ಲೆಕ್ಕದ ಮೇಲೆ ಊರಿಗೆ ನೀರು ಕೊಟ್ಟ ಕೆಲಸ. ಮಳೆಗಾಲ ಆದ ಮೇಲೆ ಹೋದರೆ ಒಳಗೆ ನೀರು ಕಾಣುವ ಸಾಧ್ಯತೆ ಹೆಚ್ಚು, ಏಪ್ರಿಲ್‌ನಲ್ಲಿ ಹೋದರೆ ಇಷ್ಟು ಅರ್ಥ ಆಗೋದಿಲ್ಲ.

ಕೋಟೆಗೆ ಅರ್ಧ ದಿನ ಕೊಡಿ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಅಹ್ಮದ್ ಷಾ ವಲಿ ಕಟ್ಟಿಸಿದ ಕೋಟೆ, ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ. ರಂಗೀನ್ ಮಹಲ್‌ಗೆ ಎಷ್ಟೋ ಸಲ ಬೀಗ ಇರುತ್ತದೆ. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿದರೆ ತೆಗೆದು ತೋರಿಸುತ್ತಾರೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡದೆ ಬರಬೇಡಿ. ಊರೊಳಗೆ 1472ರ ಮಹಮೂದ್ ಗವಾನ್ ಮದರಸಾ. 1696ರ ಸ್ಫೋಟದಲ್ಲಿ ಮುಂಭಾಗ ಅರ್ಧ ಹೋಗಿದೆ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚು ಈಗಲೂ ಕಾಣುತ್ತವೆ. ಸಂಜೆಗೆ ಅಷ್ಟೂರು. ಹೊಲಗಳ ನಡುವೆ ಸಾಲಾಗಿ ಬಹಮನಿ ಗುಮ್ಮಟಗಳು, ಸುತ್ತ ತೊಗರಿ. ಅಹ್ಮದ್ ಷಾ ಗುಮ್ಮಟದ ಒಳಗಿನ ಚಿತ್ರ ನೋಡೋಕೆ ಟಾರ್ಚ್ ಬೇಕು. ಫೋಟೋ ತೆಗೆಯುವ ಗೆಳೆಯರು ಇಲ್ಲಿಂದ ಬೇಗ ಏಳೋದಿಲ್ಲ, ಸಮಯ ಇಟ್ಟುಕೊಂಡು ಹೋಗಿ.

ಎರಡನೇ ದಿನ ಇದ್ದರೆ ಕಾಡು ನೋಡಬಹುದು. ವಿಲಾಸಪುರ ಕೆರೆಯ ಹತ್ತಿರ ಜಂಗಲ್ ಲಾಡ್ಜಸ್ ನಡೆಸುವ ಕೃಷ್ಣಮೃಗದ ರೆಸಾರ್ಟ್ ಇದೆ. ಬೆಳಗ್ಗೆ ಬೇಗ ಎದ್ದರೆ ಹೊಲಗಳಲ್ಲೇ ಕೃಷ್ಣಮೃಗದ ಹಿಂಡು ಕಾಣುತ್ತದೆ. ನೀರಿನ ಪಕ್ಕದ ರೂಮು, ಸಂಜೆ ದಂಡೆ, ರಾತ್ರಿ ಹರಟೆ ಬೇಕು ಅನ್ನೋರಿಗೆ ಗೋಕರ್ಣದ ಬದಲು ನಾನು ಹೇಳೋದು ಇದನ್ನೇ. ವಾಪಸ್ ಬರುವಾಗ ಹುಮನಾಬಾದ್ ಹತ್ತಿರ ಜಲಸಂಗಿಯ ಚಾಲುಕ್ಯರ ಕಾಲದ ಗುಡಿ, ಅದರ ಗೋಡೆಯ ಮದನಿಕೆಯರನ್ನು ನೋಡಿ. ಬಸವಕಲ್ಯಾಣವನ್ನೂ ಇದೇ ಪ್ರವಾಸಕ್ಕೆ ತುರುಕೋದು ನನಗೆ ಇಷ್ಟ ಇಲ್ಲ. ಅದಕ್ಕೆ ಬೇರೆಯೇ ದಿನ ಬೇಕು. ಬಿದರಿ ಸಾಮಾನು ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನೋಡಿ. ಸತು-ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು ಸೇರಿಸಿದ ನೀರಿನಲ್ಲಿ ಕಾಯಿಸಿದಾಗ ಪಾತ್ರೆ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದನ್ನು ಕಣ್ಣಾರೆ ನೋಡಿದವರು ಬೆಲೆ ಚೌಕಾಸಿ ಮಾಡೋದಿಲ್ಲ.

ಬೆಳಗ್ಗೆ ಹೋಗಿ ಸಂಜೆ ಬರುವುದಾದರೆ

ಹಸಿರು, ಗುಡ್ಡ, ನೀರು ಮೂರೂ ಬೇಕು ಅಂದರೆ ಚಿಂಚೋಳಿ. ಕಲಬುರಗಿಯಿಂದ ಎರಡು ತಾಸಿನ ದಾರಿ. ತೆಲಂಗಾಣದ ಗಡಿಗೆ ಹೊಂದಿಕೊಂಡ ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದರು, ಸುಮಾರು 135 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಎಲ್ಲ ಇವೆ, ಆದರೆ ಪ್ರಾಣಿ ಕಾಣಲೇಬೇಕು ಅಂತ ಗೆಳೆಯರಿಗೆ ಆಸೆ ಹುಟ್ಟಿಸಬೇಡಿ. ಇಲ್ಲಿ ನೋಡಬೇಕಾದ್ದು ಚಂದ್ರಂಪಳ್ಳಿ ಡ್ಯಾಮಿನ ಹಿನ್ನೀರು. ಗುಡ್ಡಗಳ ನಡುವೆ ನೀರು ನಿಂತಿರೋದನ್ನು ನೋಡಿದರೆ ಇದು ಕಲಬುರಗಿ ಜಿಲ್ಲೆ ಅಂತ ಹೊರಗಿನವರು ಒಪ್ಪೋದಿಲ್ಲ. ಎತ್ತಿಪೋತ ಜಲಪಾತಕ್ಕೆ ಹೋಗೋದಾದರೆ ಸೆಪ್ಟೆಂಬರ್-ಅಕ್ಟೋಬರ್ ಒಳಗೇ ಹೋಗಿ, ನವೆಂಬರ್ ಕೊನೆಗೆ ನೀರು ಸಣ್ಣಗಾಗುತ್ತದೆ. ಬಂಡೆ ಮೇಲೆ ಪಾಚಿ ಇರುತ್ತದೆ, ನೀರು ಬೀಳುವ ಗುಂಡಿಯಲ್ಲಿ ಇಳಿಯೋದು ಬೇಡ. ಧಾಮದ ಒಳಗೆ ಅರಣ್ಯ ಇಲಾಖೆಯ ನಿಯಮ ನಡೆಯುತ್ತದೆ, ಮುಂಚೆ ಕೇಳಿಕೊಂಡು ಹೋಗಿ. ಊಟದ ಹೋಟೆಲ್ ನಂಬಿಕೊಂಡು ಹೋಗಬೇಡಿ, ಬುತ್ತಿ ಕಟ್ಟಿಕೊಳ್ಳಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಬಂದವರಿಗೆ ಇದೇ ಹೆಚ್ಚು ಖುಷಿ ಕೊಡುತ್ತದೆ. ಪ್ಲಾಸ್ಟಿಕ್ ತಟ್ಟೆ ಅಲ್ಲೇ ಬಿಸಾಕಿ ಬರೋದು ಮಾತ್ರ ಬೇಡ. ಆ ಕಾಡು ಇರೋದೇ ಅಷ್ಟು.

ಹಕ್ಕಿ ಇಷ್ಟಪಡುವವರು ಬಂದಿದ್ದರೆ ಸುರಪುರ. ಕಟ್ಟಿಸಂಗಾವಿಯಲ್ಲಿ ಭೀಮೆ ದಾಟಿ, ಜೇವರ್ಗಿ, ಶಹಾಪುರ ಮೇಲೆ ಹೋಗಬೇಕು. ಶಹಾಪುರ ಹತ್ತಿರ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲು ಇದೆ. ಕಾರು ನಿಲ್ಲಿಸಿ ಐದು ನಿಮಿಷ ನೋಡಿ, ಒಮ್ಮೆ ಆಕಾರ ಹಿಡಿದರೆ ಆಮೇಲೆ ಬೇರೆ ಥರ ಕಾಣೋದೇ ಇಲ್ಲ. ಸುರಪುರದಿಂದ ಸ್ವಲ್ಪ ಮುಂದೆ ಬೋನಾಳ ಕೆರೆ, ಸುರಪುರ ನಾಯಕ ಅರಸರ ಕಾಲದ್ದು, ಈಗ ಪಕ್ಷಿಧಾಮ. ನೇರಳೆ ಬಣ್ಣದ ಜಂಬುಕೋಳಿ, ಕರಿ ಕೆಂಬರಲು, ಬಿಳಿ ಕೆಂಬರಲು, ಕೊಕ್ಕರೆಗಳು ಮಳೆ ಮುಗಿದ ಮೇಲೆ ಸಿಗುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತು ನೋಡಬೇಕು ಅಂದರೆ ನವೆಂಬರ್ ಕೊನೆಯ ನಂತರ ಹೋಗಿ. ಅಕ್ಟೋಬರ್‌ನಲ್ಲಿ ಹೋಗಿ ಬಾತು ಕಾಣಲಿಲ್ಲ ಅಂತ ಬೇಸರ ಪಡಬೇಡಿ, ಅವು ಇನ್ನೂ ಬಂದಿರೋದಿಲ್ಲ. ಬೆಳಗ್ಗೆ ಎಂಟರ ಒಳಗೆ ಕೆರೆ ದಂಡೆಯಲ್ಲಿ ಇರಬೇಕು, ಅಂದರೆ ಕಲಬುರಗಿ ಬಿಡೋದು ಐದಕ್ಕೆ. ಏಳುವ ಗೆಳೆಯರಾ ಅಲ್ವಾ ನೋಡಿಕೊಂಡು ನಿರ್ಧಾರ ಮಾಡಿ. ಮಧ್ಯಾಹ್ನ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಬಹುದು, ಮೆಡೋಸ್ ಟೇಲರ್ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದಾಗಿನ ಬಂಗಲೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಊರು ಇದು ಅಂತ ಗೆಳೆಯರಿಗೆ ಹೇಳಿ.

ಅಲ್ಲಿಂದ ನಾರಾಯಣಪುರಕ್ಕೂ ಹೋಗಬಹುದು. ಕೃಷ್ಣೆಗೆ ಕಟ್ಟಿದ ಬಸವಸಾಗರ, 1982ರದ್ದು, ಹತ್ತು ಕಿಲೋಮೀಟರ್ ಮೀರಿದ ಉದ್ದ, 30 ಗೇಟು. ತುಂಬಿದಾಗ ಆಚೆ ದಂಡೆ ಕಣ್ಣಿಗೆ ಸಿಗೋದಿಲ್ಲ. ಕಡಲು ಕೇಳಿದ ಗೆಳೆಯರಿಗೆ ಒಂದು ದಿನದಲ್ಲಿ ತೋರಿಸಬಹುದಾದ ಅತಿ ದೊಡ್ಡ ನೀರು ಇದೇ. ಮೇಲೆ ಮಳೆ ಜೋರಾಗಿ ಗೇಟು ತೆರೆದಿದ್ದರೆ ನದಿಯ ಕೆಳಭಾಗಕ್ಕೆ ಹೋಗಲೇಬೇಡಿ, ಛಾಯಾ ಭಗವತಿ ಗುಡಿಯ ಮೆಟ್ಟಿಲ ಹತ್ತಿರವೂ ಎಚ್ಚರ. ಬೋನಾಳ, ನಾರಾಯಣಪುರ ಎರಡನ್ನೂ ಒಂದೇ ದಿನ ಮಾಡೋಕೆ ಆಗುತ್ತದೆ, ಆದರೆ ಸಣ್ಣ ಮಕ್ಕಳಿದ್ದರೆ ಒಂದೇ ಸಾಕು.

ಸನ್ನತಿ ಹತ್ತಿರದ ಜಾಗ, ಒಂದೂವರೆ ತಾಸು. ಓದುವ, ಕೇಳುವ ಆಸಕ್ತಿ ಇರುವ ಗೆಳೆಯರಿಗೆ ಮಾತ್ರ ಹೇಳುತ್ತೇನೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಸಿಕ್ಕ ಊರು ಇದು. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಅಗೆದಾಗ ಅಶೋಕನ ಶಿಲ್ಪವೇ ಸಿಕ್ಕಿತು, ಅದರಲ್ಲೇ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು. ಪಕ್ಕದಲ್ಲೇ ಭೀಮೆ ತುಂಬಿ ಹರಿಯುತ್ತಿರುತ್ತದೆ. ಮೊಬೈಲ್ ಪಕ್ಕಕ್ಕಿಟ್ಟು ನಿಧಾನವಾಗಿ ನೋಡುವವರಿಗೆ ಸನ್ನತಿಯಂಥ ಜಾಗ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಫೋಟೋ ಮಾತ್ರ ಬೇಕಾದವರಿಗೆ ಅರ್ಧ ತಾಸಿನಲ್ಲಿ ಬೇಜಾರಾಗುತ್ತದೆ.

ದೇವರ ದರ್ಶನ ಆಗಬೇಕು ಅನ್ನುವ ಹಿರಿಯರು ಜೊತೆಗಿದ್ದರೆ ಗಾಣಗಾಪುರ, ಭೀಮಾ-ಅಮರ್ಜಾ ಸಂಗಮ. ಗುರುವಾರ, ಹುಣ್ಣಿಮೆ ಬಿಟ್ಟು ಹೋಗಿ. ಆಳಂದ ಕಡೆಯಿಂದ ಮಹಾರಾಷ್ಟ್ರಕ್ಕೆ ದಾಟಿದರೆ ನಳದುರ್ಗ. ಬೋರಿ ನದಿಗೆ ಅಡ್ಡಲಾಗಿ ಆದಿಲ್‌ಶಾಹಿಗಳು ಕಟ್ಟಿದ ಪಾಣಿಮಹಲ್ ಮೇಲಿಂದ ನೀರು ಎರಡು ಧಾರೆಯಾಗಿ ಬೀಳುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಮಾತ್ರ.

ಭೀಮೆಯ ದಂಡೆಗೆ ಹೋಗುವವರು ಒಂದು ಮಾತು ಮರೆಯಬೇಡಿ. ನಮ್ಮಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದಲ್ಲಿ ಮಳೆಯಾಗಿ ಅಲ್ಲಿನ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ನದಿ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗೇ ಆಗಿ ಭೀಮಾ ತೀರದ ಊರುಗಳಿಗೆ ನೀರು ನುಗ್ಗಿತು. ಪೇಪರ್‌ನಲ್ಲಿ ನೀರು ಬಿಡುವ ಸುದ್ದಿ ಬಂದಿದ್ದರೆ ಆ ವಾರ ಚಿಂಚೋಳಿ ಅಥವಾ ಬೀದರ್ ಕಡೆ ತಿರುಗಿ.

ಖರ್ಚು, ಟಿಕೆಟ್, ಊಟ

ಖರ್ಚಿನ ಲೆಕ್ಕ ಸರಳ. ಲೀಟರ್‌ಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಕಡಲಿಗೆ ಹೋಗಿಬರೋಕೆ 65 ಲೀಟರ್ ಮೇಲೆ ಬೇಕು. ಬೀದರ್‌ಗೆ 15, ಚಿಂಚೋಳಿಗೆ 12 ಸಾಕು. ಕರಾವಳಿಯಲ್ಲಿ ದಸರಾ, ದೀಪಾವಳಿ ರಜೆಗೆ ರೂಮಿನ ಬಾಡಿಗೆ ಏರುತ್ತದೆ, ಅದೂ ಮೊದಲೇ ಬುಕ್ ಮಾಡಿದ್ದರೆ ಮಾತ್ರ ಸಿಗುತ್ತದೆ. ಬೀದರ್‌ನಲ್ಲಿ ಆ ಒತ್ತಡ ಕಡಿಮೆ, ರೆಸಾರ್ಟ್‌ಗೆ ಮಾತ್ರ ಮುಂಚೆ ಹೇಳಬೇಕು. ಉಳಿದ ದುಡ್ಡಿನಲ್ಲಿ ಗೆಳೆಯರಿಗೆ ಒಳ್ಳೆಯ ಊಟ ಹಾಕಿ. ರವಿವಾರ ಬೆಳಗ್ಗೆ ಸುಸಲಾ-ಮಿರ್ಚಿ, ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಮಾಂಸ ತಿನ್ನುವವರಿಗೆ ತಹರಿ. ಬೀದರ್‌ನ ಗುರುದ್ವಾರದಲ್ಲಿ ಲಂಗರ್‌ಗೆ ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣಿ, ತಲೆಗೆ ಬಟ್ಟೆ ಇರಲಿ.

ಗೆಳೆಯರು ರೈಲಿನಲ್ಲಿ ಬರುವುದಾದರೆ ಬಂದ ಮೇಲೆ ಎಲ್ಲಿಗೆ ಅನ್ನೋದನ್ನು ಫೋನಿನಲ್ಲೇ ತೀರ್ಮಾನ ಮಾಡಿ. ಕಡಲಿಗೆ ಹೋಗೋದು ಖಚಿತ ಆದರೆ ಬೆಂಗಳೂರಿನವರು ಕಲಬುರಗಿ ತನಕ ಬಂದು ಮತ್ತೆ ಪಶ್ಚಿಮಕ್ಕೆ ತಿರುಗುವ ಅಗತ್ಯವೇ ಇಲ್ಲ, ಹುಬ್ಬಳ್ಳಿಗೇ ಬರಲಿ, ನೀವು ಅಲ್ಲಿ ಸೇರಿಕೊಳ್ಳಿ. ಹೈದರಾಬಾದ್‌ನವರು ಬೀದರ್‌ಗೇ ನೇರ ಬರಬಹುದು, ಅಲ್ಲಿಂದ ಅವರಿಗೆ ಹತ್ತಿರ. ಬೆಂಗಳೂರಿಗೆ 2024ರಿಂದ ಕಲಬುರಗಿಯ ವಂದೇ ಭಾರತ್ ಓಡುತ್ತಿದೆ, ಯಾವ ದಿನ ಇಲ್ಲ ಅಂತ ಮೊದಲೇ ನೋಡಿಕೊಳ್ಳಲಿ. ದೀಪಾವಳಿ ಆದ ಮೇಲಿನ ರವಿವಾರ ರಾತ್ರಿ ಬೆಂಗಳೂರಿಗೆ ಹೋಗುವ ರೈಲು, ಬಸ್ಸು ಎರಡೂ ತುಂಬಿಹೋಗಿರುತ್ತವೆ, ಆದ್ದರಿಂದ ಬರುವ ಟಿಕೆಟ್‌ಗಿಂತ ಮೊದಲು ವಾಪಸ್ ಹೋಗುವ ಟಿಕೆಟ್ ತೆಗೆಯೋಕೆ ಹೇಳಿ.